ಸೀರಮ್ ಹಾಕದ ವೆಲ್ ಕೂಡ ಹಸಿರಾಗ್ತಿದೆ, ತಪ್ಪು ಎಲ್ಲಿ?

ಪ್ರಶ್ನೆ: ಮೇಡಂ, ಸೀರಮ್‌ನಲ್ಲಿ (ರಕ್ತದ ತಿಳಿ ಭಾಗದಲ್ಲಿ) ಆಂಟಿಬಾಡಿ ಹುಡುಕೋಕೆ ಎಲೈಸಾ, ಅಂದರೆ ಬಣ್ಣ ನೋಡಿ ಅಳೆಯುವ ಪರೀಕ್ಷೆ, ಮಾಡುತ್ತಿದ್ದೇನೆ. ಅದನ್ನು ಹಿಡಿಯುವ ಎರಡನೇ ಆಂಟಿಬಾಡಿಗೆ, ಬಣ್ಣ ತರುವ ಎಚ್‌ಆರ್‌ಪಿ ಕಿಣ್ವದ ಬದಲು ಡಿಎನ್‌ಎ ಎಳೆ ಅಂಟಿಸಿದ್ದೇನೆ. ಕೊನೆಗೆ ಹೆಮಿನ್ (ಕಬ್ಬಿಣವಿರುವ ಒಂದು ಸಣ್ಣ ಅಣು), ಹಸಿರು ಬಣ್ಣವಾಗುವ ಎಬಿಟಿಎಸ್, ಹೈಡ್ರೋಜನ್ ಪೆರಾಕ್ಸೈಡ್ ಹಾಕುತ್ತೇನೆ. ಬಣ್ಣವೇನೋ ಬರುತ್ತದೆ, ಆದರೆ ಸೀರಮ್ ಹಾಕದ ವೆಲ್ (ಪ್ಲೇಟ್‌ನ ಗುಳಿ) ಕೂಡ ಹತ್ತು ನಿಮಿಷದಲ್ಲಿ ಹಸಿರಾಗುತ್ತದೆ. ಡಿಎನ್‌ಎ ಸರಿಯಿಲ್ವಾ?

ಉತ್ತರ: ಡಿಎನ್‌ಎ ಪಾಪ, ಸುಮ್ನೆ ಅದನ್ನು ಬೈಯಬೇಡಿ. ನನಗೆ ಅನುಮಾನ ಹೆಮಿನ್ ಮೇಲೆ. ಜಿ (ಗ್ವಾನಿನ್) ಅಕ್ಷರ ಜಾಸ್ತಿ ಇರುವ ಡಿಎನ್‌ಎ ಎಳೆ ಮಡಚಿಕೊಂಡು ಜಿ-ಕ್ವಾಡ್ರುಪ್ಲೆಕ್ಸ್ ಎಂಬ ಆಕಾರ ಆಗುತ್ತದೆ, ಅದರ ತುದಿಯಲ್ಲಿ ಹೆಮಿನ್ ಕೂತಾಗ ಕೆಲಸ ಜೋರಾಗುತ್ತದೆ, ನಿಜ. ಆದರೆ ಒಂಟಿ ಹೆಮಿನ್ ಕೂಡ ನಿಧಾನವಾಗಿ ಅದೇ ಬಣ್ಣ ತರುತ್ತದೆ. ನೀವು ಎಷ್ಟು ಹಾಕ್ತೀರಿ? ವೆಲ್‌ನ ಖಾಲಿ ಜಾಗ ಮುಚ್ಚೋಕೆ, ಅಂದರೆ ಬ್ಲಾಕ್ ಮಾಡೋಕೆ, ಏನು ಬಳಸಿದ್ದೀರಿ?

ಪ್ರಶ್ನೆ: ಹೆಮಿನ್ 1 ಮೈಕ್ರೊಮೋಲಾರ್, ಪಿಬಿಎಸ್ ಎಂಬ ಉಪ್ಪಿನ ಬಫರ್‌ನಲ್ಲಿ. ಬ್ಲಾಕ್‌ಗೆ ಬಿಎಸ್‌ಎ, ಅಂದರೆ ಹಸುವಿನ ಸೀರಮ್‌ನ ಅಲ್ಬುಮಿನ್.

ಉತ್ತರ: ಸಿಕ್ಕಿತು ನೋಡಿ. ಅಲ್ಬುಮಿನ್ ಹೆಮಿನ್ ಅನ್ನು ಹಿಡಿದುಕೊಳ್ಳುತ್ತದೆ, ಅಂದರೆ ವೆಲ್‌ನ ತಳದಲ್ಲೇ ನೀವು ಹೆಮಿನ್‌ಗೆ ಜಾಗ ಮಾಡಿಕೊಟ್ಟಿದ್ದೀರಿ. ಅದರ ಬದಲು ಹಾಲಿನ ಪ್ರೋಟೀನ್ ಕೇಸಿನ್ ಪ್ರಯತ್ನಿಸಿ. ಹೆಮಿನ್ ಅನ್ನು ಹತ್ತಿಪ್ಪತ್ತು ಪಟ್ಟು ಇಳಿಸಿ ನೋಡಿ, ಡಿಎಂಎಸ್‌ಒ ದ್ರಾವಕದಲ್ಲಿ ಕರಗಿಸಿದ ತಾಜಾ ಸ್ಟಾಕ್‌ನಿಂದ, ಯಾಕೆಂದರೆ ನೀರಲ್ಲಿ ಅದು ಗುಂಪುಗೂಡಿ ಕೂತುಬಿಡುತ್ತದೆ. ಜೊತೆಗೆ ಡಿಎನ್‌ಎ ಇಲ್ಲದ, ಬರೀ ಹೆಮಿನ್ ಇರುವ ಒಂದು ವೆಲ್ ಪ್ರತಿ ಪ್ಲೇಟ್‌ನಲ್ಲೂ ಇಡಿ. ಅದರ ಬಣ್ಣದ ಅಳತೆಯನ್ನು ಕಳೆಯದೆ ಬೇರೆ ಯಾವ ವೆಲ್‌ನ ಸಂಖ್ಯೆಯನ್ನೂ ನಾನು ನಂಬುವುದಿಲ್ಲ.

ಪಿಬಿಎಸ್ ಕೂಡ ಬೇಡ. ಅದರಲ್ಲಿ ಸೋಡಿಯಂ ಕ್ಲೋರೈಡ್ 137 ಮಿಲಿಮೋಲಾರ್, ಪೊಟ್ಯಾಸಿಯಂ ಕ್ಲೋರೈಡ್ ಬರೀ 2.7. ಡಿಎನ್‌ಎ ಮಡಚಿಕೊಂಡ ಆ ಆಕಾರ ಗಟ್ಟಿಯಾಗಿ ನಿಲ್ಲೋಕೆ ಪೊಟ್ಯಾಸಿಯಂ ಬೇಕು, ಹೆಪೆಸ್ ಎಂಬ ಬೇರೆ ಬಫರ್‌ಗೆ 20 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಹಾಕಿ.

ಪ್ರಶ್ನೆ: ಮಾಡ್ತೀನಿ ಮೇಡಂ. ಕೆಲವು ಸೀರಮ್ ಸ್ವಲ್ಪ ಕೆಂಪಗಿವೆ, ಪರವಾಗಿಲ್ವಾ?

ಉತ್ತರ: ಪರವಾಗಿಲ್ಲ ಅನ್ನೋ ಹಾಗಿಲ್ಲ! ಅದು ಒಡೆದ ರಕ್ತಕಣದ ಹಿಮೋಗ್ಲೋಬಿನ್. ಅದರೊಳಗೆ ಹೀಮ್ ಇದೆ, ಅದೂ ಪೆರಾಕ್ಸೈಡ್ ಜೊತೆ ಸೇರಿ ಬಣ್ಣ ಕೊಡುತ್ತದೆ. ಸೀರಮ್ ಹಂತದ ನಂತರ ಚೆನ್ನಾಗಿ ತೊಳೆಯಿರಿ, ತುಂಬಾ ಕೆಂಪಗಿದ್ದರೆ ಬಿಟ್ಟುಬಿಡಿ. 415 ನ್ಯಾನೋಮೀಟರ್ ಹತ್ತಿರ, ಮೊದಲ ಕೆಲವು ನಿಮಿಷದಲ್ಲೇ ಓದಿ. ಆಮೇಲೆ ಪೆರಾಕ್ಸೈಡ್ ಹೆಮಿನ್ ಅನ್ನೇ ಹಾಳುಮಾಡುತ್ತಾ ಹೋಗುತ್ತದೆ, ಬಣ್ಣ ಏರುವುದು ನಿಂತುಬಿಡುತ್ತದೆ.

ಪ್ರಶ್ನೆ: ಇಷ್ಟೆಲ್ಲಾ ತಾಪತ್ರಯ ಇದ್ದರೆ ಎಚ್‌ಆರ್‌ಪಿಯೇ ವಾಸಿ ಅಲ್ವಾ?

ಉತ್ತರ: ನಿಮ್ಮ ಈ ವಿನ್ಯಾಸಕ್ಕಾದರೆ ಹೌದು, ವೇಗದಲ್ಲಿ ಎಚ್‌ಆರ್‌ಪಿ ಬಹಳ ಮುಂದೆ. ಡಿಎನ್‌ಎ ಗೆಲ್ಲುವುದು ಬೇರೆ ಕಡೆ: ಬಿಸಿಯಾಗಿ ಬಿಚ್ಚಿಕೊಂಡರೂ ತಣ್ಣಗಾದ ಮೇಲೆ ಮತ್ತೆ ಮಡಚಿಕೊಳ್ಳುತ್ತದೆ, ಮತ್ತೆ ಅದನ್ನು ಎರಡು ತುಂಡು ಮಾಡಬಹುದು. ಎರಡೂ ತುಂಡಿಗೆ ಆಂಟಿಜೆನ್ ಕಟ್ಟಿ ಬಿಟ್ಟರೆ, ಆಂಟಿಬಾಡಿಯ ಎರಡು ಕೈ ಎರಡನ್ನೂ ಹಿಡಿದು ಹತ್ತಿರ ತರುತ್ತವೆ, ತುಂಡುಗಳು ಕೂಡಿಕೊಂಡಾಗ ಮಾತ್ರ ಹೆಮಿನ್‌ಗೆ ಸರಿಯಾದ ಜಾಗ. ಎರಡನೇ ಆಂಟಿಬಾಡಿಯೇ ಬೇಕಿಲ್ಲ. ನಾನಾಗಿದ್ದರೆ ಅದನ್ನೇ ಮಾಡುತ್ತಿದ್ದೆ.