ಇರುವುದು ಒಂದೇ ಕೈ, ಅದರಲ್ಲೂ ನರ ಸಿಗಲ್ಲ. ಪೋರ್ಟ್ ಹಾಕಿಸಲಾ?

ಡೊಂಬಿವಲಿ ಅತ್ತಿಗೆ:
ಮುಂಬೈ, ಪುಣೆ ಕಡೆಯ ನಮ್ಮವರು ಯಾರಾದರೂ ಇದನ್ನು ಅನುಭವಿಸಿದ್ದರೆ ಹೇಳಿ. ಬಲ ಮಣಿಕಟ್ಟು ಮುರಿದಿತ್ತು. ಪ್ಲಾಸ್ಟರ್ ಬಿಚ್ಚಿದ ಮೇಲೆ ಸಿಆರ್‌ಪಿಎಸ್ (ಪೆಟ್ಟು ವಾಸಿಯಾದರೂ ಉರಿನೋವು ಬಿಡದ ಕಾಯಿಲೆ) ಶುರುವಾಯಿತು. ಮೂಳೆ ಕೂಡಿತು, ಉರಿ ಹೋಗಲಿಲ್ಲ. ಫ್ಯಾನಿನ ಗಾಳಿ ತಾಗಿದರೂ ಜೀವ ಹೋಗುತ್ತದೆ. ಪೇನ್ ಕ್ಲಿನಿಕ್‌ನಲ್ಲಿ ಆಗಾಗ ಲಿಗ್ನೋಕೇನ್ (ಮರಗಟ್ಟಿಸುವ ಔಷಧಿ) ಡ್ರಿಪ್ ಕೊಡುತ್ತಾರೆ. ಆಮೇಲೆ ಕೆಲವು ವಾರ ಬ್ಲೌಸಿನ ಹುಕ್ ನಾನೇ ಹಾಕಿಕೊಳ್ಳುತ್ತೇನೆ. ಹಾಗಾಗಿ ಡ್ರಿಪ್ ಬಿಡುವ ಮಾತೇ ಇಲ್ಲ.

ಕಷ್ಟ ಇರುವುದು ಸೂಜಿಯದ್ದು. ಬಲಗೈ ಮುಟ್ಟುವ ಹಾಗಿಲ್ಲ. ಎಡಗೈ ನರಗಳು ಚುಚ್ಚಿಸಿಕೊಂಡು ಚುಚ್ಚಿಸಿಕೊಂಡು ಗಟ್ಟಿಯಾಗಿವೆ. ಕಂಡರೂ ಜಾರುತ್ತವೆ, ಇಲ್ಲಾ ಒಡೆದು ಊದುತ್ತವೆ. ಹಿಂದಿನ ರಾತ್ರಿಯಿಂದ ನೀರೂ ಕುಡಿಯಬೇಡಿ ಅನ್ನುತ್ತಾರೆ. ಬೆಳಿಗ್ಗೆ ಲೋಕಲ್‌ನಲ್ಲಿ ದಾದರ್‌ವರೆಗೆ ನಿಂತು, ಆಮೇಲೆ ಅವರ ಎಸಿ ಕೋಣೆಯಲ್ಲಿ ಕೂತರೆ ಕೈ ಐಸಿನಂತಾಗಿರುತ್ತದೆ. ಹೋದ ಸಲ ಹೊಸ ಹುಡುಗಿಯೊಬ್ಬಳು ‘ತಾಈ, ಹಾತ್ ಸೈಲ್ ಸೋಡಾ’ (ಅಕ್ಕಾ, ಕೈ ಸಡಿಲ ಬಿಡಿ) ಅನ್ನುತ್ತಾ ಚರ್ಮದೊಳಗೇ ಸೂಜಿ ತಿರುಗಿಸಿ ಹುಡುಕಿದಳು. ಅತ್ತುಬಿಟ್ಟೆ. ‘ದಿನಾ ನೋವು ತಿನ್ನೋರು, ಇಷ್ಟಕ್ಕೇ ಅಳ್ತೀರಾ’ ಅಂತ ಪಕ್ಕದಲ್ಲಿದ್ದವರು ಕೇಳಿದರು. ದಿನಾ ನೋವಿದ್ದರೆ ಸೂಜಿ ಹಗುರ ಆಗುತ್ತದೆ ಅಂತ ಇವರಿಗೆ ಯಾರು ಹೇಳಿದರೋ.

ಈಗ ಪರಿಚಯದವರೆಲ್ಲ ಪೋರ್ಟ್ (ಪ್ರತಿ ಸಲ ಕೈಯಲ್ಲಿ ನರ ಹುಡುಕದೆ ಡ್ರಿಪ್ ಕೊಡಲು ಮೈಯೊಳಗೆ ಕೂರಿಸುವ ಸಾಧನ) ಹಾಕಿಸಿ ಅಂತಿದ್ದಾರೆ. ಹಾಕಿಸಲಾ?

ಠಾಣೆ ಮಾಣಿ:
ಅತ್ತಿಗೆ, ನನ್ನದು ಬೆನ್ನುಮೂಳೆಯ ಸಂಧಿವಾತ, 8 ವಾರಕ್ಕೊಮ್ಮೆ ಇನ್‌ಫ್ಲಿಕ್ಸಿಮ್ಯಾಬ್ ಔಷಧಿಯ ಡ್ರಿಪ್. ನಾನು ಹಾಟ್ ಬ್ಯಾಗ್ ಒಯ್ಯುತ್ತೇನೆ. ಅಲ್ಲೇ ಪ್ಯಾಂಟ್ರಿಯಲ್ಲಿ ಬಿಸಿನೀರು ತುಂಬಿಸಿ, ಟವೆಲ್ ಸುತ್ತಿ ಕೈಮೇಲೆ ಇಟ್ಟುಕೊಳ್ಳೋದು. ಕೈ ಕೆಳಗೆ ಇಳಿಬಿಟ್ಟು ಕೂರೋದು. ಹಸಿರು, ಗುಲಾಬಿ ಇಂಟ್ರಾಕ್ಯಾತ್ (ಡ್ರಿಪ್‌ಗೆ ನರದಲ್ಲಿ ಕೂರಿಸುವ ನಳಿಕೆ, ಕ್ಯಾನುಲಾ) ತಂದರೆ ‘ನೀಲಿ ಆಗಲ್ವಾ?’ ಅಂತ ಕೇಳುತ್ತೇನೆ. ನೀಲಿ 22, ಹಳದಿ 24. ನಂಬರ್ ಜಾಸ್ತಿ ಆದಷ್ಟೂ ಸಪೂರ. ಎರಡು ಸಲ ತಪ್ಪಿದರೆ ಬೇರೆಯವರನ್ನು ಕರೆಯಿರಿ ಅಂತ ಕೂರುವ ಮೊದಲೇ ಹೇಳಿಬಿಡಿ. ಚುಚ್ಚುವಾಗ ಹೇಳಿದರೆ ಜಗಳ ಆಗುತ್ತದೆ.

ಪುಣೆ ಸಿಸ್ಟರ್:
ಮಾಣಿ ಹೇಳಿದ್ದು ಸರಿ. ಒಬ್ಬರು ಎರಡು ಸಲಕ್ಕಿಂತ ಜಾಸ್ತಿ ಚುಚ್ಚಬಾರದು ಅಂತಲೇ ನಮಗೂ ಕಲಿಸುವುದು. ಆಮೇಲೆ ಅರಿವಳಿಕೆ ಡಾಕ್ಟರನ್ನು ಕರೆಯಬೇಕು.

ಪೋರ್ಟಿಗೆ ಅವಸರ ಬೇಡ ಅಕ್ಕ. ಅದು ಎದೆಯ ಚರ್ಮದ ಕೆಳಗೆ ಕೂರುವ ವಸ್ತು. ಹಾಕಲು ಸಣ್ಣ ಆಪರೇಷನ್ ಆಗಬೇಕು. ಬಳಸದಿದ್ದರೂ ಆಗಾಗ ಫ್ಲಶ್ ಮಾಡಿಸುತ್ತಿರಬೇಕು, ಅಂದರೆ ಕಟ್ಟಿಕೊಳ್ಳದಂತೆ ದ್ರವ ಹಾಯಿಸಿ ತೊಳೆಸಬೇಕು. ಸೋಂಕು, ರಕ್ತ ಹೆಪ್ಪುಗಟ್ಟುವ ಭಯ ಬೇರೆ. ಮೊದಲು ‘ಅಲ್ಟ್ರಾಸೌಂಡ್ ನೋಡಿ ಹಾಕ್ತೀರಾ?’ ಅಂತ ಕೇಳಿ. ಮೊಣಕೈ ಮೇಲಿನ ಆಳದ ನರ ಪರದೆಯಲ್ಲಿ ಕಾಣುತ್ತದೆ. ಆದರೆ ಅದಕ್ಕೆ ಉದ್ದದ ಕ್ಯಾನುಲಾ ಬೇಕು, ಮಾಮೂಲಿಯದು ಕೈ ಅಲುಗಿಸಿದರೆ ಹೊರಗೆ ಜಾರುತ್ತದೆ. ಪೇನ್ ಕ್ಲಿನಿಕ್‌ನಲ್ಲಿ ಇಂಜೆಕ್ಷನ್ನಿಗೆಂದೇ ಆ ಯಂತ್ರ ಸಾಮಾನ್ಯವಾಗಿ ಇರುತ್ತದೆ. ಕೇಳುವವರಿಲ್ಲ ಅಷ್ಟೇ.

ನೀರಿನದ್ದೂ ವಿಚಾರಿಸಿ. ಅರಿವಳಿಕೆ ಕೊಡುವಾಗಲೂ ಬರೀ ನೀರನ್ನು 2 ಗಂಟೆ ಮೊದಲಿನವರೆಗೆ ಕುಡಿಯಬಹುದು ಅನ್ನುವುದು ಸಾಮಾನ್ಯ ನಿಯಮ. ರಾತ್ರಿಯಿಡೀ ಒಣಗಿಸಿದರೆ ನರ ಎಲ್ಲಿಂದ ಉಬ್ಬಬೇಕು? ನಿಮ್ಮ ಡಾಕ್ಟರ್ ಒಪ್ಪಿದರೆ ದಾದರ್‌ಗೆ ಹೊರಡುವ ಮೊದಲು ಕುಡಿಯಿರಿ.

ಡೊಂಬಿವಲಿ ಅತ್ತಿಗೆ:
ಅಲ್ಟ್ರಾಸೌಂಡ್ ಯಂತ್ರ ನನ್ನ ಮಂಚದ ಪಕ್ಕದಲ್ಲೇ ಇರುತ್ತದೆ ಸಿಸ್ಟರ್! ಈ ಸಲ ಕೇಳಿಯೇ ಕೇಳುತ್ತೇನೆ. ಇನ್ನೊಂದು: ಬಿಪಿ ಪಟ್ಟಿಯನ್ನೂ ಎಡಗೈಗೇ ಕಟ್ಟುತ್ತಾರೆ. ಅದು ಉಬ್ಬಿದಾಗಲೆಲ್ಲ ಡ್ರಿಪ್ ನಿಂತು ಟ್ಯೂಬಿನಲ್ಲಿ ರಕ್ತ ಮೇಲೇರುತ್ತದೆ, ಪಂಪ್ ಕೂಗುತ್ತದೆ. ಅಷ್ಟು ಕಷ್ಟಪಟ್ಟು ಸಿಕ್ಕಿದ ನರ ಹೋಯಿತೇನೋ ಅಂತ ನನಗೆ ಕೈಕಾಲು ನಡುಗುತ್ತದೆ. ಮರಗಟ್ಟಿಸುವ ಕ್ರೀಮ್ ಹಚ್ಚಿಕೊಂಡು ಹೋಗಬಹುದಾ?

ಪುಣೆ ಸಿಸ್ಟರ್:
ಬಿಪಿ ಪಟ್ಟಿಯನ್ನು ಕಾಲಿಗೆ, ಮೀನಖಂಡಕ್ಕೆ ಕಟ್ಟಲು ಹೇಳಿ. ಅಂಕಿ ಸ್ವಲ್ಪ ಬೇರೆ ಬರಬಹುದು, ಅದು ಅವರಿಗೆ ಗೊತ್ತಿರುತ್ತದೆ. ಸೂಜಿಗೆ ಮಾತ್ರ ಕಾಲು ಕೊಡಬೇಡಿ. ದೊಡ್ಡವರಿಗೆ ಕಾಲಿನ ನರದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ.

ಕ್ರೀಮ್ ಆಗುತ್ತದೆ, ಆದರೆ ಮೇಲೆ ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಒಂದು ಗಂಟೆಯಾದರೂ ಬಿಡಬೇಕು. ಚುಚ್ಚುವುದಕ್ಕೆ ಸ್ವಲ್ಪ ಮೊದಲೇ ಒರೆಸಿ, ಏಕೆಂದರೆ ಅದರಿಂದ ಚರ್ಮ ಬಿಳಚಿ ನರ ಮರೆಯಾಗುವುದುಂಟು. ಅದರಲ್ಲಿರುವುದೂ ಲಿಗ್ನೋಕೇನೇ. ನಿಮಗೆ ಕೊಡುವ ಡ್ರಿಪ್ಪೂ ಅದೇ. ಎಲ್ಲಿ, ಎಷ್ಟು ಹಚ್ಚಬೇಕು ಅಂತ ಡಾಕ್ಟರನ್ನು ಕೇಳಿಯೇ ಹಚ್ಚಿ.