ಮೊಬೈಲ್ ಹೋಮ್ ಪಾರ್ಕ್ ಮುಚ್ತಾರಂತೆ, ಅಪ್ಪ-ಅಮ್ಮನ ಮನೆ ಗತಿ ಏನು? – ವಕೀಲರಿಗೆ ಪ್ರಶ್ನೆ

ಪ್ರಶ್ನೆ (ಸ್ಯಾನ್ ಹೋಸೆಯಿಂದ): ನಮಸ್ಕಾರ ಮೇಡಂ. ಅಪ್ಪ-ಅಮ್ಮ ಗ್ರೀನ್ ಕಾರ್ಡ್ ಮೇಲೆ ಬಂದಾಗ ನಮ್ಮ ಅಪಾರ್ಟ್‌ಮೆಂಟಲ್ಲಿ ಜಾಗ ಸಾಲಲಿಲ್ಲ. ಹತ್ತಿರದಲ್ಲೇ ವಯಸ್ಸಾದವರಿಗೆಂದೇ ಇರೋ ಮೊಬೈಲ್ ಹೋಮ್ ಪಾರ್ಕಿನಲ್ಲಿ (ಕಾರ್ಖಾನೆಯಲ್ಲಿ ಕಟ್ಟಿ ತಂದು ಇಳಿಸಿದ ಮನೆಗಳ ಬಡಾವಣೆ) ಅವರ ಹೆಸರಿಗೇ ಒಂದು ಹಳೇ ಡಬಲ್‌ವೈಡ್ ಮನೆ, ಅಂದರೆ ಎರಡು ಭಾಗ ಜೋಡಿಸಿದ್ದು, ತಗೊಂಡ್ವಿ. ಮನೆ ನಮ್ಮದು, ನೆಲ ಪಾರ್ಕಿನವರದು, ತಿಂಗಳಾ ತಿಂಗಳಾ ಸ್ಪೇಸ್ ರೆಂಟ್ ಕಟ್ತೀವಿ. ಹೋದ ವಾರ ಎಲ್ಲರ ಬಾಗಿಲಿಗೂ ಒಂದು ಪತ್ರ ಅಂಟಿಸಿದ್ದಾರೆ. ಪಾರ್ಕ್ ಮುಚ್ಚಿ ಕಾಂಡೋ (ಮಾರಾಟದ ಫ್ಲ್ಯಾಟ್) ಕಟ್ಟೋ ಯೋಚನೆ ಇದೆಯಂತೆ, ಆರು ತಿಂಗಳಲ್ಲಿ ಖಾಲಿ ಮಾಡಬೇಕಾಗಬಹುದಂತೆ, ಈಗಲೇ ಸಹಿ ಹಾಕಿ ಬಿಟ್ಟುಕೊಟ್ಟರೆ ಸ್ವಲ್ಪ ಹಣ ಕೊಡ್ತಾರಂತೆ. ಅಪ್ಪ ‘ಯಾಕೆ ಜಗಳ, ಸಹಿ ಹಾಕಿಬಿಡೋಣ’ ಅಂತಾರೆ. ಅಮ್ಮನಿಗೆ ರಾತ್ರಿಯಿಡೀ ನಿದ್ದೆ ಇಲ್ಲ. ಏನು ಮಾಡಲಿ?

ಉತ್ತರ (ವಕೀಲೆ, ಬಾಡಿಗೆದಾರರ ಪ್ರಕರಣಗಳು, ಕ್ಯಾಲಿಫೋರ್ನಿಯಾ): ಮೊದಲು ಅಪ್ಪನಿಗೆ ಹೇಳಿ, ಯಾವ ಕಾಗದಕ್ಕೂ ಸಹಿ ಬೇಡ. ಅಮ್ಮನಿಗೆ ಹೇಳಿ, ಆರು ತಿಂಗಳ ಲೆಕ್ಕ ಇನ್ನೂ ಶುರುವೇ ಆಗಿಲ್ಲ.

ಪತ್ರದಲ್ಲಿರೋದು ‘ಯೋಚನೆ’ ಮಾತ್ರ. ಕ್ಯಾಲಿಫೋರ್ನಿಯಾದ ಮೊಬೈಲ್‌ಹೋಮ್ ರೆಸಿಡೆನ್ಸಿ ಕಾಯ್ದೆಯ (ಸಿವಿಲ್ ಕೋಡ್ 798.56) ಪ್ರಕಾರ, ಪಾರ್ಕನ್ನು ಬೇರೆ ಬಳಕೆಗೆ ಬದಲಾಯಿಸಲು ಸಿಟಿಯ ಪರವಾನಗಿ ಬೇಕಿದ್ದರೆ, ಎಲ್ಲಾ ಪರವಾನಗಿ ಸಿಕ್ಕ ಮೇಲೆ ಕೊಡುವ ನೋಟಿಸಿನಿಂದ ಕನಿಷ್ಠ 6 ತಿಂಗಳು ಕೊಡಬೇಕು. ಪರವಾನಗಿಯೇ ಬೇಡದ ಬದಲಾವಣೆಯಾದರೆ 12 ತಿಂಗಳು. ಕಾಂಡೋ ಕಟ್ಟೋಕೆ ಪರವಾನಗಿ ಇಲ್ಲದೆ ಆಗಲ್ಲ. ಪರವಾನಗಿ ಕೇಳಲು ಸಿಟಿ ಮುಂದೆ ಹೋಗುವ 60 ದಿನ ಮೊದಲೇ ಮನೆ ಮಾಲೀಕರಿಗೆ ಲಿಖಿತವಾಗಿ ತಿಳಿಸಬೇಕು. ಬಾಗಿಲಿಗೆ ಅಂಟಿಸಿದ ಈ ಪತ್ರದಲ್ಲಿ ಸಿಟಿಯ ಹಿಯರಿಂಗ್ (ಅಹವಾಲು ಕೇಳುವ ಸಭೆ) ದಿನಾಂಕ ಇದೆಯಾ ನೋಡಿ. ಇಲ್ಲದಿದ್ದರೆ ಅದು ಬರೀ ಹೆದರಿಸೋ ಕಾಗದ.

ಇನ್ನೂ ದೊಡ್ಡ ವಿಷಯ ಹಣದ್ದು. ಸರ್ಕಾರಿ ಕೋಡ್ 65863.7ರ ಪ್ರಕಾರ ಪಾರ್ಕ್ ಮುಚ್ಚುವವರು ಮೊದಲು ಪರಿಣಾಮ ವರದಿ ತಯಾರಿಸಬೇಕು. ಅಲ್ಲಿರುವವರು ಎಲ್ಲಿಗೆ ಹೋಗ್ತಾರೆ, ಖರ್ಚೆಷ್ಟು, ಅದನ್ನು ಯಾರು ಭರಿಸ್ತಾರೆ ಅನ್ನೋ ಯೋಜನೆ ಅದರಲ್ಲಿರಬೇಕು. ಹಿಯರಿಂಗ್‌ಗೆ 60 ದಿನ ಮುಂಚೆ ಪ್ರತಿ ಮನೆಗೂ ಅದರ ಪ್ರತಿ ಸಿಗಬೇಕು. 2020ರಲ್ಲಿ ಎಬಿ 2782 ಅನ್ನೋ ತಿದ್ದುಪಡಿ ಬಂತು. ಅದರ ಪ್ರಕಾರ ನಿಮ್ಮ ಅಪ್ಪ-ಅಮ್ಮನಿಗೆ ಬೇರೆ ಪಾರ್ಕಿನಲ್ಲಿ ಸರಿಯಾದ ಮನೆ ಸಿಗದಿದ್ದರೆ, ಅವರ ಮನೆಯ ಈಗಿನ ಜಾಗದಲ್ಲಿನ ಮಾರುಕಟ್ಟೆ ಬೆಲೆಯನ್ನು ಪಾರ್ಕ್ ಮುಚ್ಚುವವರೇ ಕೊಡಬೇಕು. ಆ ಬೆಲೆ ಕಟ್ಟೋದು ರಾಜ್ಯದ ಪ್ರಮಾಣಪತ್ರ ಇರುವ, ಮೊಬೈಲ್ ಹೋಮ್ ಬೆಲೆ ಕಟ್ಟಿ ಅನುಭವವಿರುವ ಅಪ್ರೈಸರ್. ಕಟ್ಟುವಾಗ ಪಾರ್ಕ್ ಮುಂದುವರಿಯುತ್ತೆ ಅಂತಲೇ ಲೆಕ್ಕ ಹಿಡಿಯಬೇಕು.

ಈ ಕೊನೇ ಮಾತನ್ನು ಅಪ್ಪನಿಗೆ ಎರಡು ಸಲ ಓದಿ ಹೇಳಿ. ನಾಳೆ ಮುಚ್ಚುವ ಪಾರ್ಕಿನ ಮನೆಗೆ ಮಾರುಕಟ್ಟೆಯಲ್ಲಿ ಹೆಚ್ಚುಕಮ್ಮಿ ಏನೂ ಬರಲ್ಲ. ಅದಕ್ಕೇ ಕಾನೂನು ‘ಮುಚ್ಚೋದನ್ನು ಮರೆತು ಬೆಲೆ ಕಟ್ಟಿ’ ಅನ್ನುತ್ತೆ. ಈಗ ಸಹಿ ಹಾಕಿ ತಗೊಳ್ಳೋ ‘ಸ್ವಲ್ಪ ಹಣ’ದ ಜೊತೆ ಈ ಹಕ್ಕನ್ನೂ ಬಿಟ್ಟುಕೊಟ್ಟ ಹಾಗಾಗಬಹುದು. ಆ ಕಾಗದದ ಫೋಟೋ ನನಗೆ ಖಾಸಗಿಯಾಗಿ ಕಳಿಸಿ.

ಪ್ರಶ್ನೆ (ಬೆಂಗಳೂರಿನಿಂದ, ಇವರ ಸೋದರಮಾವ): ಅಮ್ಮಾ, ಹೆಸರೇ ಮೊಬೈಲ್ ಹೋಮ್ ಅಲ್ವಾ? ಲಾರಿಗೆ ಕಟ್ಟಿ ಬೇರೆ ಕಡೆ ಎಳ್ಕೊಂಡು ಹೋಗೋಕಾಗಲ್ವಾ?

ಉತ್ತರ: ಎಲ್ಲರೂ ಕೇಳೋ ಪ್ರಶ್ನೆ ಸರ್. ಕಾರ್ಖಾನೆಯಿಂದ ಬಂದಾಗ ಚಕ್ರದ ಮೇಲೆ ಬಂದಿರುತ್ತೆ, ನಿಜ. ಇಳಿಸಿದ ಮೇಲೆ ಅದಕ್ಕೆ ಕಾರ್‌ಪೋರ್ಟ್, ಮೆಟ್ಟಿಲು, ಒಳಚರಂಡಿ, ಗ್ಯಾಸ್ ಎಲ್ಲಾ ಸೇರಿಕೊಳ್ಳುತ್ತೆ. ಡಬಲ್‌ವೈಡ್ ಅಂದರೆ ಮಧ್ಯಕ್ಕೆ ಬಿಚ್ಚಿ ಎರಡು ಭಾಗ ಮಾಡಿ ಸಾಗಿಸಬೇಕು. ಅಷ್ಟು ಖರ್ಚು ಮಾಡಿದರೂ ಇಳಿಸೋಕೆ ಖಾಲಿ ಜಾಗ ಬೇಕಲ್ಲ, ಈ ಭಾಗದಲ್ಲಿ ಅದು ಸಿಗೋದು ಬಹಳ ಅಪರೂಪ. ಇಂಥ ಮನೆಗಳಿಗೆ ಅಮೆರಿಕದ ಕೇಂದ್ರ ಸರ್ಕಾರದ ಕಟ್ಟಡ ನಿಯಮ ಜಾರಿಯಾಗಿದ್ದು 1976ರ ಜೂನ್ 15ಕ್ಕೆ. ಅದಕ್ಕಿಂತ ಹಳೆಯ ಮನೆಯನ್ನು ಒಳಗೆ ಬಿಟ್ಟುಕೊಳ್ಳಲು ಹೆಚ್ಚಿನ ಪಾರ್ಕುಗಳು ಒಪ್ಪಲ್ಲ. ನಮ್ಮೂರಲ್ಲಿ ಇನ್ನೊಬ್ಬರ ಸೈಟಿನಲ್ಲಿ ಸ್ವಂತ ದುಡ್ಡಲ್ಲಿ ಮನೆ ಕಟ್ಟಿಕೊಂಡವರ ಸ್ಥಿತಿ ಇದ್ದ ಹಾಗೆ ಇದು.

ಪ್ರಶ್ನೆ (ಮೊದಲಿನವರೇ): ತುಂಬಾ ಥ್ಯಾಂಕ್ಸ್ ಮೇಡಂ. ಮನೆ 1974ರದ್ದು. ಇನ್ನೊಂದು ಭಯ, ಮಾರಿದವರು ಟೈಟಲ್ (ಮಾಲೀಕತ್ವದ ದಾಖಲೆ) ವರ್ಗಾವಣೆ ಮಾಡಿಸಿದ್ರಾ ಇಲ್ವಾ ನೆನಪಿಲ್ಲ. ಮತ್ತೆ, ಹೇಗೂ ಮುಚ್ತಾರೆ, ಸ್ಪೇಸ್ ರೆಂಟ್ ಯಾಕೆ ಕಟ್ಟಬೇಕು ಅಂತ ಪಕ್ಕದ ಮನೆಯವರು ಅಂತಿದ್ದಾರೆ.

ಉತ್ತರ: ಬಾಡಿಗೆ ಒಂದು ತಿಂಗಳೂ ನಿಲ್ಲಿಸಬೇಡಿ. ಪಾರ್ಕಿನವರು ಮನಸ್ಸಿಗೆ ಬಂದ ಹಾಗೆ ಹೊರಗೆ ಹಾಕೋಕೆ ಆಗಲ್ಲ, ಕಾಯ್ದೆ ಹೇಳಿದ ಕಾರಣಗಳಿದ್ದರೆ ಮಾತ್ರ ಹಾಕಬಹುದು. ಬಾಡಿಗೆ ಬಾಕಿ ಆ ಕಾರಣಗಳಲ್ಲೊಂದು. ಅದನ್ನು ನಾವಾಗಿ ಅವರ ಕೈಗೆ ಕೊಡಬಾರದು. ಪಕ್ಕದ ಮನೆಯವರಿಗೂ ಇವತ್ತೇ ಹೇಳಿ.

ಟೈಟಲ್ ವಿಷಯ ಕೂಡಲೇ ನೋಡಿ. ಕ್ಯಾಲಿಫೋರ್ನಿಯಾದಲ್ಲಿ ಇದನ್ನು ನೋಡಿಕೊಳ್ಳೋದು ರಾಜ್ಯದ ವಸತಿ ಇಲಾಖೆ, ಎಲ್ಲರೂ ಎಚ್‌ಸಿಡಿ ಅಂತಾರೆ. ಅಲ್ಲಿ ಟೈಟಲ್ ಸರ್ಚ್ ಮಾಡಿಸಿ. ಹಳೇ ಮಾಲೀಕರ ಹೆಸರೇ ಇದ್ದರೆ ಅವರನ್ನು ಹುಡುಕಿ ಸಹಿ ಮಾಡಿಸಿ. ಪರಿಹಾರದ ಚೆಕ್ ಬರೆಯೋ ದಿನ ಕಾಗದದಲ್ಲಿ ಯಾರ ಹೆಸರಿದೆ ಅನ್ನೋದೇ ಮುಖ್ಯ ಆಗುತ್ತೆ. ಚಾವಣಿ, ಅಡುಗೆಮನೆ, ಹೀಟರ್, ಏನೇನು ಸರಿ ಮಾಡಿಸಿದ್ದೀರೋ ಆ ಬಿಲ್ಲುಗಳನ್ನೂ ಒಟ್ಟು ಮಾಡಿಡಿ, ಅಪ್ರೈಸರ್ ಬಂದಾಗ ಕೈಲಿರಲಿ.

ಪ್ರಶ್ನೆ (ಫ್ರೀಮಾಂಟ್‌ನಿಂದ): ಅಕ್ಕ, ಪ್ರಾಮಾಣಿಕವಾಗಿ ಕೇಳ್ತೀನಿ. ದುಡ್ಡಿರೋ ಬಿಲ್ಡರ್ ಮುಂದೆ ಇದೆಲ್ಲಾ ನಡೆಯುತ್ತಾ?

ಉತ್ತರ: ನಡೆದಿದೆ. ಪಾಲೋ ಆಲ್ಟೋದಲ್ಲಿ ಇರೋದೇ ಒಂದು ಮೊಬೈಲ್ ಹೋಮ್ ಪಾರ್ಕ್, ಬ್ಯೂನಾ ವಿಸ್ಟಾ. ಸುಮಾರು 400 ಜನ, ಬಹುಪಾಲು ಲ್ಯಾಟಿನೋ ದುಡಿಯೋ ಕುಟುಂಬಗಳು, ಮಕ್ಕಳೆಲ್ಲಾ ಅಲ್ಲಿನ ಶಾಲೆಗಳಲ್ಲೇ ಓದ್ತಿದ್ದರು. 2012ರಲ್ಲಿ ಮಾಲೀಕರು ಮುಚ್ಚಲು ಅರ್ಜಿ ಹಾಕಿದರು. 2015ರಲ್ಲಿ ಸಿಟಿ ಕೌನ್ಸಿಲ್ ಒಪ್ಪಿಗೆಯನ್ನೂ ಕೊಟ್ಟಿತು. ಅಲ್ಲಿಗೆ ಮುಗೀತು ಅಂತ ನಿವಾಸಿಗಳು ಗಂಟುಮೂಟೆ ಕಟ್ಟಲಿಲ್ಲ. ಸಂಘ ಕಟ್ಟಿಕೊಂಡರು, ಕೋರ್ಟಿಗೆ ಹೋದರು, ಊರಿನವರೂ ಜೊತೆ ನಿಂತರು. ಕೊನೆಗೆ 2017ರಲ್ಲಿ ಸಾಂತಾ ಕ್ಲಾರಾ ಕೌಂಟಿಯ ಹೌಸಿಂಗ್ ಅಥಾರಿಟಿ ಸುಮಾರು 4 ಕೋಟಿ ಡಾಲರ್ ಕೊಟ್ಟು ಪಾರ್ಕನ್ನೇ ಕೊಂಡಿತು. ಎಬಿ 2782 ಬರುವುದಕ್ಕಿಂತ ಮುಂಚೆ ಆದದ್ದು ಇದು, ಅವರ ಕೈಯಲ್ಲಿ ಈಗ ನಮಗಿರುವಷ್ಟು ಕಾನೂನೂ ಇರಲಿಲ್ಲ. ಎಲ್ಲಾ ಕಡೆ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ. ಆದರೆ ಒಬ್ಬೊಬ್ಬರೇ ಸಹಿ ಹಾಕಿ ಹೊರಟುಬಿಟ್ಟಿದ್ದರೆ ಅಲ್ಲೂ ಆಗುತ್ತಿರಲಿಲ್ಲ.

ಪ್ರಶ್ನೆ (ಸಿಯಾಟಲ್ ಕಡೆಯಿಂದ): ನಮ್ಮ ಕಡೆ ಇದೇ ಕಾನೂನಾ? ನನ್ನ ತಮ್ಮ ಪೋರ್ಟ್‌ಲ್ಯಾಂಡ್ ಹತ್ತಿರ ಇದ್ದಾನೆ, ಅವನ ಪಾರ್ಕಿಗೂ ಅನ್ವಯಿಸುತ್ತಾ?

ಉತ್ತರ: ಇಲ್ಲ, ರಾಜ್ಯದಿಂದ ರಾಜ್ಯಕ್ಕೆ ಬೇರೆ. ನಾನು ಅಲ್ಲಿ ವಕಾಲತ್ತು ಮಾಡಲ್ಲ, ಚೌಕಟ್ಟು ಮಾತ್ರ ಹೇಳ್ತೀನಿ. ವಾಷಿಂಗ್ಟನ್‌ನಲ್ಲಿ 2023ರ ತಿದ್ದುಪಡಿ ಆದ ಮೇಲೆ ಮುಚ್ಚುವ ನೋಟಿಸ್ ಸಾಮಾನ್ಯವಾಗಿ ಎರಡು ವರ್ಷದ್ದು, ಮಾಲೀಕರು ನಿವಾಸಿಗಳಿಗೆ ಹಣ ಕೊಟ್ಟು ಅದನ್ನು ಕಡಿಮೆ ಮಾಡಿಕೊಳ್ಳುವ ದಾರಿಯೂ ಕಾಯ್ದೆಯಲ್ಲಿದೆ. ಆದಾಯ ಕಡಿಮೆ ಇರುವವರಿಗೆ ರಾಜ್ಯದ ನಿಧಿಯಿಂದ ಡಬಲ್‌ವೈಡ್‌ಗೆ 17,000 ಡಾಲರ್‌ವರೆಗೆ, ಒಂದೇ ಭಾಗದ ಮನೆಗೆ 11,000 ಡಾಲರ್‌ವರೆಗೆ ನೆರವಿದೆ. ಆರೆಗಾನ್‌ನಲ್ಲಿ 365 ದಿನದ ನೋಟಿಸ್. ಜೊತೆಗೆ ಮನೆಯ ಅಳತೆ ನೋಡಿ ಮಾಲೀಕರೇ ಹಣ ಕೊಡಬೇಕು. 2007ರಲ್ಲಿ ಅದು 5,000, 7,000, 9,000 ಡಾಲರ್ ಅಂತ ಶುರುವಾಗಿದ್ದು, ಈಗ ಹೆಚ್ಚಾಗಿದೆ. ಮನೆಯನ್ನು ಅಲ್ಲೇ ಬಿಟ್ಟು ಹೋದರೆ ಅದನ್ನು ಒಡೆದು ತೆಗೆಯೋ ಖರ್ಚನ್ನು ನಿವಾಸಿ ಮೇಲೆ ಹಾಕುವಂತಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ನಿಗದಿತ ಮೊತ್ತಗಳು ಮನೆ ಕಳೆದುಕೊಳ್ಳೋರಿಗೆ ಏನೇನೂ ಸಾಲದು.

ಪ್ರಶ್ನೆ (ಮೊದಲಿನವರೇ): ಮೇಡಂ, ಅಪ್ಪ ಪೆನ್ ಕೆಳಗಿಟ್ಟರು. ಎಲ್ಲಾ ಮನೆಯವರನ್ನೂ ಸೇರಿಸಿ ಮಾತಾಡೋಣ ಅಂತ ಅಮ್ಮನೇ ಈಗ ಹೇಳ್ತಿದ್ದಾರೆ. ಕ್ಲಬ್‌ಹೌಸ್‌ನಲ್ಲಿ ಮೀಟಿಂಗ್ ಮಾಡೋಕೆ ಮ್ಯಾನೇಜರ್ ಬಿಡ್ತಾರಾ?

ಉತ್ತರ: ಬಿಡಲೇಬೇಕು. ಸಿವಿಲ್ ಕೋಡ್ 798.51 ನಿವಾಸಿಗಳಿಗೆ ಆ ಹಕ್ಕು ಕೊಟ್ಟಿದೆ. ಕ್ಲಬ್‌ಹೌಸ್‌ನಲ್ಲಿ ಶಾಂತವಾಗಿ ಸೇರಬಹುದು, ಡಿಪಾಸಿಟ್ ಕೇಳುವಂತಿಲ್ಲ, ಮನೆಮನೆಗೆ ಹೋಗಿ ಕರಪತ್ರ ಹಂಚಬಹುದು, ಜನಪ್ರತಿನಿಧಿಗಳನ್ನೂ ಕರೆಸಬಹುದು. ಅಮ್ಮನಿಗೆ ಇಂಗ್ಲಿಷ್ ಕಷ್ಟ ಅಂದರೆ ನೀವು ಜೊತೆಗಿರಿ. ಸ್ಪ್ಯಾನಿಷ್, ವಿಯೆಟ್ನಾಮೀಸ್ ಮಾತಾಡೋ ಮನೆಗಳಿದ್ದರೆ ಕರಪತ್ರ ಆ ಭಾಷೆಗಳಲ್ಲೂ ಇರಲಿ. ನಿಮ್ಮ ವಾರ್ಡಿನ ಕೌನ್ಸಿಲ್ ಸದಸ್ಯರ ಕಚೇರಿಗೆ ಆ ಪತ್ರದ ಪ್ರತಿ ಕಳಿಸಿ, ಪರವಾನಗಿಗೆ ಅರ್ಜಿ ಬಂದಿದೆಯಾ ಅಂತ ಪ್ಲ್ಯಾನಿಂಗ್ ವಿಭಾಗದಲ್ಲೂ ಲಿಖಿತವಾಗಿ ಕೇಳಿ. ಸ್ಯಾನ್ ಹೋಸೆಗೆ ಪಾರ್ಕ್ ಪರಿವರ್ತನೆಯ ಬಗ್ಗೆ ಸ್ವಂತ ನಿಯಮಗಳೂ ಇವೆ, ರಾಜ್ಯದ ಕಾನೂನಿನ ಜೊತೆಗೆ ಅವನ್ನೂ ಓದಬೇಕು. ಮೀಟಿಂಗ್ ಶನಿವಾರ ಅಥವಾ ಭಾನುವಾರ ಇಟ್ಟುಕೊಳ್ಳಿ, ನಾನು ಬರ್ತೀನಿ, ಫೀಸು ಬೇಡ. ಅಷ್ಟರಲ್ಲಿ ಈಗಾಗಲೇ ಯಾವ ಯಾವ ಮನೆಯವರು ಸಹಿ ಹಾಕಿದ್ದಾರೆ ಅಂತ ಪಟ್ಟಿ ಮಾಡಿಡಿ. ಮೊದಲು ಅವರ ಕಾಗದಗಳನ್ನು ನೋಡಬೇಕು.