ಹಳೇ ಮನೆ ಬೇಸ್‌ಮೆಂಟ್: ಸಂಪ್ ಪಂಪಿನ ನೀರು ಹೊರಗೆ ಹಾಕಲು ಯಾವ ಸೈಜಿನ ಪೈಪ್, ಯಾವ ದಾರಿ?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಚಿಕಾಗೊ ಪಕ್ಕದ ಓಕ್ ಪಾರ್ಕ್‌ನಲ್ಲಿ 1912ರ ಮನೆ ತಗೊಂಡಿದ್ದೇವೆ. ಬೇಸ್‌ಮೆಂಟ್ ಗೋಡೆ ಪೂರ್ತಿ ಸುಣ್ಣಕಲ್ಲಿನದು, ಗಾರೆ ಬೆರಳಲ್ಲಿ ಉಜ್ಜಿದರೆ ಪುಡಿಪುಡಿಯಾಗಿ ಉದುರುತ್ತದೆ. ಮುಂದಿನ ಮೂಲೆಯಲ್ಲಿ ಸಂಪ್ ಗುಂಡಿ (ಮಣ್ಣಿನಿಂದ ಬಸಿಯುವ ನೀರು ಬಂದು ಸೇರುವ ಗುಂಡಿ), ಅದರಲ್ಲಿ ಆ ನೀರು ಹೊರಹಾಕಲು 1/3 ಎಚ್‌ಪಿ ಪಂಪ್. ಪಂಪ್ ಹೊಸದೇ. ಆದರೆ ಪೈಪ್ ಮಾತ್ರ ಯಾವ ಕಾಲದ್ದೋ: ಪಂಪಿನ ಮೇಲೆ ಎರಡಡಿ ತುಕ್ಕು ಹಿಡಿದ ಜಿಐ, ಅಲ್ಲಿಂದ ಒಂದೂಕಾಲು ಇಂಚಿನ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಹೋಸ್, ಅದು ಹೋಗಿ ಬೀಳೋದು ಬಟ್ಟೆ ಒಗೆಯುವ ಸಿಮೆಂಟ್ ತೊಟ್ಟಿಗೆ.

ಜೋರು ಮಳೆ ಬಂದರೆ ಪಂಪ್ ನಿಲ್ಲುವುದೇ ಇಲ್ಲ, ಗುಂಡಿಯ ನೀರೂ ಇಳಿಯುವುದಿಲ್ಲ, ಸ್ವಲ್ಪ ಹೊತ್ತಿಗೆ ತೊಟ್ಟಿ ಪಕ್ಕದ ನೆಲದ ಮೋರಿಯಿಂದ ಕೊಳಕು ನೀರು ಮೇಲೆ ಬರುತ್ತದೆ. ಪ್ಲಂಬರ್ ಬಂದು ನೋಡಿ 3/4 ಎಚ್‌ಪಿ ಪಂಪ್ ಹಾಕಿಸಿ ಅಂದರು. ನನಗೆ ತೊಂದರೆ ಪೈಪಿನಲ್ಲೇ ಇದೆ ಅನ್ನಿಸುತ್ತಿದೆ. ಮನೆ ಮುಂದೆ ಕಾಂಕ್ರೀಟ್ ಜಗಲಿ ಮತ್ತು ಫುಟ್‌ಪಾತ್, ಪಕ್ಕದಲ್ಲಿ ನಾಲ್ಕಡಿ ಸಂದಿ, ಆಮೇಲೆ ಪಕ್ಕದವರ ಗೋಡೆ. ನೀರು ಬಿಡಬಹುದಾದ ಜಾಗ ಹಿತ್ತಲು ಒಂದೇ, ಗುಂಡಿಯಿಂದ ಅಲ್ಲಿಗೆ 30 ಅಡಿ ಆಗುತ್ತದೆ. ಎಷ್ಟು ಇಂಚಿನ ಪೈಪ್ ಹಾಕಲಿ? ಈ ಕಲ್ಲುಗೋಡೆಯಿಂದ ಹೊರಗೆ ತೆಗೆಯೋದು ಹೇಗೆ? ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಏನು ಗತಿ?

ಕೊಪ್ಪದ ತೋಟ:

ನಿಮ್ಮ ಅನುಮಾನ ಸರಿಯಾಗಿದೆ, ಪಂಪ್ ಬದಲಿಸಬೇಡಿ. ಮೊದಲು ಆ ತೊಟ್ಟಿಯಿಂದ ಪೈಪ್ ತೆಗೆಯಿರಿ. ಓಕ್ ಪಾರ್ಕ್‌ನಲ್ಲಿ ಮಳೆನೀರು, ಕೊಳಚೆ ಎರಡಕ್ಕೂ ಒಂದೇ ಚರಂಡಿ. ಜೋರು ಮಳೆಗೆ ಅದು ತುಂಬಿಕೊಂಡಿರುತ್ತದೆ. ನೀವು ತೊಟ್ಟಿಗೆ ಸುರಿದ ನೀರು ಮುಂದೆ ಹೋಗಲು ಜಾಗವಿಲ್ಲದೆ ನೆಲದ ಮೋರಿಯಿಂದ ವಾಪಸ್ ಬಂದು ಮತ್ತೆ ಗುಂಡಿಗೇ ಇಳಿಯುತ್ತದೆ. ಅಂದರೆ ಪಂಪ್ ಅದೇ ನೀರನ್ನು ಸುತ್ತಿಸುತ್ತಾ ಕೂತಿದೆ. ದೊಡ್ಡ ಪಂಪ್ ಹಾಕಿದರೆ ಇನ್ನೂ ಬೇಗ ಸುತ್ತಿಸುತ್ತದೆ, ಅಷ್ಟೇ. ಅದಲ್ಲದೆ ಸಂಪ್ ನೀರನ್ನು ಮನೆಯ ಕೊಳಚೆ ಲೈನಿಗೆ ಬಿಡುವುದು ಅಮೆರಿಕದ ಬಹುತೇಕ ಊರುಗಳಲ್ಲಿ ನಿಷಿದ್ಧ. ಹೊಸ ದಾರಿ ಮಾಡುವ ಮೊದಲು ವಿಲೇಜ್ ಆಫೀಸಿಗೆ (ನಿಮ್ಮೂರಿನ ಆಡಳಿತ ಕಚೇರಿಗೆ) ಒಂದು ಫೋನ್ ಮಾಡಿ, ಎಲ್ಲಿ ಬಿಡಬಹುದು, ಪರ್ಮಿಟ್ ಬೇಕಾ ಅಂತ ಕೇಳಿಬಿಡಿ.

ಇನ್ನು ಸೈಜು. ನಿಮಿಷಕ್ಕೆ 40 ಗ್ಯಾಲನ್ ನೀರು ಹರಿಯುತ್ತಿದೆ ಅಂದುಕೊಳ್ಳಿ. 100 ಅಡಿ ನುಣುಪಾದ ಪಿವಿಸಿ ಪೈಪಿನಲ್ಲಿ ಬರೀ ಘರ್ಷಣೆಗೇ ಹೋಗುವ ಹೆಡ್ (ಪಂಪಿನ ಒತ್ತಡ, ನೀರು ಎಷ್ಟು ಅಡಿ ಮೇಲೇರಬಹುದು ಅನ್ನುವ ಲೆಕ್ಕದಲ್ಲಿ) ಒಂದೂಕಾಲು ಇಂಚಿಗೆ ಸುಮಾರು 19 ಅಡಿ, ಒಂದೂವರೆಗೆ 9 ಅಡಿ, ಎರಡು ಇಂಚಿಗೆ ಮೂರಡಿಗೂ ಕಡಿಮೆ. ಸುಕ್ಕಿನ ಹೋಸ್ ಇದಕ್ಕಿಂತ ಎಷ್ಟೋ ಕೆಟ್ಟದ್ದು, ಒಳಗಿನ ಒಂದೊಂದು ಸುಕ್ಕೂ ನೀರನ್ನು ತಡೆಯುತ್ತದೆ, ಮರಳೂ ಅಲ್ಲೇ ಕೂರುತ್ತದೆ. ಒಂದೂವರೆ ಇಂಚಿನ ಒಂದು 90 ಡಿಗ್ರಿ ಎಲ್ಬೋ ಅಂದರೆ ನಾಲ್ಕಡಿ ಪೈಪ್ ಜಾಸ್ತಿ ಹಾಕಿದ ಲೆಕ್ಕ. ಹಾಗಾಗಿ ತಿರುವು ಬೇಕಾದ ಕಡೆ, ಜಾಗವಿದ್ದರೆ, ಎರಡು 45 ಡಿಗ್ರಿ ಎಲ್ಬೋ ಹಾಕಿ.

ನನ್ನ ಸಲಹೆ: ಗುಂಡಿಯಿಂದ ಮೇಲಕ್ಕೆ ಒಂದೂವರೆ ಇಂಚಿನ ಷೆಡ್ಯೂಲ್ 40 (ಗೋಡೆಯ ದಪ್ಪದ ದರ್ಜೆ) ಪಿವಿಸಿ, ಅಡ್ಡ ಓಡುವ 30 ಅಡಿಗೆ ಎರಡು ಇಂಚು. ಪಂಪಿನ ಬಾಯಿಗಿಂತ ಸಣ್ಣ ಪೈಪ್ ಎಲ್ಲೂ ಬರಕೂಡದು. ಊರಲ್ಲಿ ತೋಟಕ್ಕೆ ನೀರು ಹಾಯಿಸಿದವರಿಗೆ ಇದು ಗೊತ್ತೇ ಇರುತ್ತದೆ, ಮೋಟಾರ್ ಎಷ್ಟೇ ಚೆನ್ನಾಗಿದ್ದರೂ ಪೈಪ್ ಕಟ್ಟಿದರೆ ಮೇಲಿನ ಗಿಡಕ್ಕೆ ನೀರು ಹತ್ತುವುದಿಲ್ಲ.

ಕಲ್ಲುಮನೆ:

ಮೇಲಿನವರು ಹೇಳಿದ್ದು ಸರಿ, ಒಂದು ಮಾತು ಸೇರಿಸುತ್ತೇನೆ. ಎರಡು ಇಂಚು ಪಂಪಿನಿಂದಲೇ ಶುರು ಮಾಡಬೇಡಿ, ಮೇಲೇರುವ ಭಾಗ ಒಂದೂವರೆಯೇ ಇರಲಿ. ಅಲ್ಲಿ ನೀರು ಜೋರಾಗಿ ಏರಿದರೆ ಮಣ್ಣು ಮರಳು ಜೊತೆಗೇ ಹೋಗುತ್ತದೆ.

ಕಲ್ಲುಗೋಡೆ ಕೊರೆಯುವ ಯೋಚನೆ ಬಿಟ್ಟುಬಿಡಿ. ಅಂಥ ಗೋಡೆಯಲ್ಲಿ ಕಲ್ಲುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ, ಡ್ರಿಲ್ ಅದುರಿದರೆ ಒಂದು ಕಲ್ಲು ಸಡಿಲವಾಗಿ ಪಕ್ಕದ್ದನ್ನೂ ಕರೆದುಕೊಂಡು ಬರಬಹುದು. ಗೋಡೆ ಮೇಲೆ ಕೂತ ದಪ್ಪ ಮರದ ತೊಲೆಯನ್ನೂ ಮುಟ್ಟಬೇಡಿ, ಇಡೀ ಮನೆಯ ಭಾರ ಅದರ ಮೇಲಿದೆ. ಆ ಕಾಲದ ಮನೆಗಳಲ್ಲಿ ಕಲ್ಲಿದ್ದಲು ಇಳಿಸಲು ಒಂದು ಸಣ್ಣ ಕಬ್ಬಿಣದ ಬಾಗಿಲು ಇರುತ್ತಿತ್ತು. ಹಿತ್ತಲ ಕಡೆ ಅಂಥದ್ದು ಇದೆಯಾ ನೋಡಿ. ಇಲ್ಲದಿದ್ದರೆ ಬೇಸ್‌ಮೆಂಟ್ ಕಿಟಕಿಯ ಒಂದು ಗಾಜು ತೆಗೆದು, ಆ ಜಾಗಕ್ಕೆ ಪಿವಿಸಿ ಹಲಗೆ ಕೂರಿಸಿ, ಅದರಲ್ಲಿ ತೂತು ಮಾಡಿ ಪೈಪ್ ಹಾಯಿಸಿ. ಸುತ್ತ ಸೀಲ್ ಮಾಡಿದರೆ ಆಯಿತು. ನಾಳೆ ಬೇಡ ಅನ್ನಿಸಿದರೆ ಗಾಜು ವಾಪಸ್ ಹಾಕಬಹುದು.

ಇನ್ನೊಂದು, ಇದು ಮುಖ್ಯ. ಸೀಲಿಂಗ್‌ನಲ್ಲಿ ಹಳೇ ಸ್ಟೀಮ್ ಪೈಪ್ ಇದ್ದು, ಅದಕ್ಕೆ ಬಿಳಿ ಸುಣ್ಣದ ಪಟ್ಟಿಯಂತೆ ಏನಾದರೂ ಸುತ್ತಿದ್ದರೆ ಕೈ ಹಾಕಬೇಡಿ, ಅದು ಆಸ್‌ಬೆಸ್ಟಾಸ್ (ಉಸಿರಿಗೆ ಹೋದರೆ ಅಪಾಯವಾಗುವ ನಾರು) ಇರುವ ಸಾಧ್ಯತೆ ಜಾಸ್ತಿ. ಪರೀಕ್ಷೆ ಮಾಡಿಸದೆ ಕ್ಲಾಂಪ್ ಹೊಡೆಯಲು ಅದನ್ನು ಕೆರೆಯಬೇಡಿ. ಪಿವಿಸಿಯನ್ನು ಸ್ಟೀಮ್ ಪೈಪಿನಿಂದ ದೂರವೇ ಓಡಿಸಿ, ಅದು ತಡೆಯುವುದು 140 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಮಾತ್ರ. ನಾಲ್ಕಡಿಗೊಂದು ಕ್ಲಾಂಪ್ ಇರಲಿ, ಇಲ್ಲದಿದ್ದರೆ ಮಧ್ಯೆ ಜೋಲುತ್ತದೆ.

ಹಿಮದೂರು:

ಚಳಿಗಾಲದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಪೈಪಿನ ಉದ್ದವನ್ನೆಲ್ಲ ಮನೆ ಒಳಗೇ ಮುಗಿಸಿ. ಬೇಸ್‌ಮೆಂಟ್ ಬೆಚ್ಚಗಿರುತ್ತದೆ, ಅಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ. ಪಂಪಿನ ಮೇಲೆ ನೇರ ಸೀಲಿಂಗ್‌ವರೆಗೆ ಏರಿಸಿ, ಅಲ್ಲಿಂದ ಹಿತ್ತಲ ಕಡೆಗೆ ಅಡಿಗೆ ಕಾಲಿಂಚಿನಂತೆ ಇಳಿಸುತ್ತಾ ಬನ್ನಿ. 30 ಅಡಿಗೆ ಏಳೂವರೆ ಇಂಚು ಇಳಿಯುತ್ತದೆ. ಪಂಪ್ ನಿಂತ ಮೇಲೆ ಪೈಪಿನ ನೀರು ತಾನಾಗಿಯೇ ಹೊರಗೆ ಹರಿದು ಖಾಲಿಯಾಗಬೇಕು. ಎಲ್ಲೂ ತಗ್ಗು ಇರಬಾರದು.

ಚಿಕಾಗೊ ಕಡೆ ಮಣ್ಣು ಹೆಪ್ಪುಗಟ್ಟುವ ಆಳವನ್ನು 42 ಇಂಚು ಅಂತ ಹಿಡಿಯುತ್ತಾರೆ. ಅಷ್ಟು ಆಳ ಅಗೆಯುವುದು ಎಲ್ಲರಿಗೂ ಆಗುವ ಕೆಲಸವಲ್ಲ. ಅದಕ್ಕೆ ಗೋಡೆ ಹೊರಗೆ ಹೀಗೆ ಮಾಡಿ: ಎರಡು ಇಂಚಿನ ಪೈಪಿನ ತುದಿ ಕೆಳಮುಖವಾಗಿ ಬಗ್ಗಲಿ, ಅದು ನಾಲ್ಕು ಇಂಚಿನ ಇನ್ನೊಂದು ಪೈಪಿನ ಬಾಯೊಳಗೆ ಸಡಿಲವಾಗಿ ಇಳಿದಿರಲಿ, ಸುತ್ತ ಸಂದು ಬಿಟ್ಟಿರಲಿ. ನಾಲ್ಕಿಂಚಿನದು ಮಣ್ಣಿನೊಳಗೆ ಇಳಿಜಾರಾಗಿ ಹೋಗಿ ಅಡಿಪಾಯದಿಂದ ಹತ್ತಡಿ ಆಚೆ ಹುಲ್ಲಿನ ಮೇಲೆ ತೆರೆದುಕೊಳ್ಳಲಿ. ಜನವರಿಯಲ್ಲಿ ಆ ಕೆಳಗಿನ ಪೈಪ್ ಹೆಪ್ಪುಗಟ್ಟಿದರೂ ಪಂಪಿನ ನೀರು ಸಂದಿನಿಂದ ಉಕ್ಕಿ ಹೊರಗೆ ಚೆಲ್ಲುತ್ತದೆ. ಗೋಡೆ ಬುಡ ಸ್ವಲ್ಪ ಒದ್ದೆಯಾಗುತ್ತದೆ, ಅದು ಸಹಿಸಬಹುದಾದ ತೊಂದರೆ. ಆ ಸಂದು ಇಲ್ಲದಿದ್ದರೆ ಪಂಪ್ ಮಂಜುಗಡ್ಡೆಗೆ ತಲೆ ಚಚ್ಚಿಕೊಳ್ಳುತ್ತಾ ಓಡಿ ಓಡಿ ಸುಟ್ಟುಹೋಗುತ್ತದೆ, ಆಮೇಲೆ ಬೇಸ್‌ಮೆಂಟ್ ತುಂಬುತ್ತದೆ. ತುದಿಗೆ ತಾನೇ ಮೇಲೇಳುವ ಮುಚ್ಚಳ ಮಾರುತ್ತಾರೆ, ಅದರ ಬುಡದಲ್ಲಿ ನೀರು ನಿಲ್ಲುತ್ತದೆ. ಚಳಿ ಊರಲ್ಲಿ ನಾನಂತೂ ಅದನ್ನು ಹಾಕಿಸುವುದಿಲ್ಲ. ಪಕ್ಕದವರ ಜಾಗಕ್ಕೋ ಓಣಿಗೋ ನೀರು ಹರಿಯದ ಹಾಗೆ ನೋಡಿಕೊಳ್ಳಿ. ಅಲ್ಲಿ ಗಡ್ಡೆಕಟ್ಟಿದರೆ ಯಾರಾದರೂ ಜಾರಿ ಬೀಳುತ್ತಾರೆ.

ಗುದ್ದಲಿ ಹಿಡಿಯುವ ಮೊದಲು 811ಕ್ಕೆ ಫೋನ್ ಮಾಡಿ, ಗ್ಯಾಸ್ ಕರೆಂಟ್ ಲೈನ್ ಎಲ್ಲಿದೆ ಅಂತ ಪುಕ್ಕಟೆ ಗುರುತು ಹಾಕಿಸುತ್ತಾರೆ.

ತುಂಗಾತೀರ:

ತುಂಬಾ ಥ್ಯಾಂಕ್ಸ್, ಎಲ್ಲರಿಗೂ. ತೊಟ್ಟಿಯ ನೀರೇ ತಿರುಗಿ ಬರುತ್ತಿದೆ ಅನ್ನೋದು ನಮಗೆ ಹೊಳೆದೇ ಇರಲಿಲ್ಲ, ಈಗ ಯೋಚಿಸಿದರೆ ಎಲ್ಲಾ ಸರಿಹೊಂದುತ್ತದೆ. ಹಿತ್ತಲ ಗೋಡೆಯಲ್ಲಿ ಕಲ್ಲಿದ್ದಲಿನ ಬಾಗಿಲು ಇದೆ! ಬಣ್ಣ ಬಳಿದು ಮುಚ್ಚಿಬಿಟ್ಟಿದ್ದಾರೆ. ಅಲ್ಲಿಂದಲೇ ತೆಗೆಯುತ್ತೇವೆ. ಕೊನೆಯದಾಗಿ ಎರಡು ಪ್ರಶ್ನೆ: ನೀರು ವಾಪಸ್ ಬರದಂತೆ ತಡೆಯುವ ಚೆಕ್ ವಾಲ್ವ್ ಎಲ್ಲಿ ಬರಬೇಕು? ಪಂಪ್ ಕೆಟ್ಟರೆ ಬಿಚ್ಚಲು ಪೈಪ್ ಕತ್ತರಿಸಬೇಕಾ?

ಕೊಪ್ಪದ ತೋಟ:

ಕತ್ತರಿಸುವುದು ಬೇಡ. ಚೆಕ್ ವಾಲ್ವನ್ನು ಗುಂಡಿಯ ಮುಚ್ಚಳದ ಸ್ವಲ್ಪ ಮೇಲೆ, ನಿಂತುಕೊಂಡೇ ಕೈಗೆ ಸಿಗುವ ಹಾಗೆ ಹಾಕಿ. ಎರಡೂ ಕಡೆ ರಬ್ಬರ್ ಕಪ್ಲಿಂಗ್ ಮತ್ತು ಸ್ಟೀಲ್ ಕ್ಲಾಂಪ್ ಇರುವ ಮಾದರಿ ತಗೊಳ್ಳಿ, ಸ್ಕ್ರೂ ಸಡಿಲಿಸಿದರೆ ಪಂಪ್ ಎತ್ತಬಹುದು. ಬಾಣದ ಗುರುತು ಮೇಲ್ಮುಖವಾಗಿರಲಿ. ವಾಲ್ವ್ ಇಲ್ಲದಿದ್ದರೆ ಪಂಪ್ ನಿಂತ ಕೂಡಲೇ ಮೇಲೇರಿದ್ದ ನೀರು ವಾಪಸ್ ಬೀಳುತ್ತದೆ, ಒಂದೂವರೆ ಇಂಚಿನ ಹತ್ತಡಿ ಪೈಪಿನಲ್ಲಿ ಒಂದು ಗ್ಯಾಲನ್‌ಗೂ ಸ್ವಲ್ಪ ಜಾಸ್ತಿಯೇ ಇರುತ್ತದೆ.

ಪಂಪಿಗೂ ವಾಲ್ವಿಗೂ ಮಧ್ಯೆ, ಗುಂಡಿಯ ಒಳಗೆ, 1/8 ಇಂಚಿನ ಒಂದು ತೂತು ಕೊರೆಯಿರಿ, ಪಂಪಿನ ಪುಸ್ತಕದಲ್ಲಿ ಬೇರೆ ಅಳತೆ ಕೊಟ್ಟಿದ್ದರೆ ಅದನ್ನೇ ನೋಡಿ. ಪಂಪಿನಲ್ಲಿ ಗಾಳಿ ಸಿಕ್ಕಿಕೊಂಡರೆ ಅಲ್ಲಿಂದ ಹೊರಹೋಗುತ್ತದೆ. ಪಂಪ್ ಓಡುವಾಗ ಅಲ್ಲಿಂದ ಸಣ್ಣಗೆ ನೀರು ಚಿಮ್ಮುತ್ತದೆ, ಗಾಬರಿ ಬೇಡ, ಚಿಮ್ಮಿದ್ದು ಗುಂಡಿಗೇ ಬೀಳುವ ಹಾಗೆ ಓರೆಯಾಗಿ ಕೊರೆದರೆ ಆಯಿತು. ಮುಂದೆ ಬ್ಯಾಟರಿ ಪಂಪ್ ಇಡುವ ಯೋಚನೆ ಇದ್ದರೆ ವಾಲ್ವಿನ ಮೇಲೆ ಈಗಲೇ ಒಂದು ವೈ (Y ಆಕಾರದ ಕವಲು ಜೋಡಣೆ) ಹಾಕಿ ಮುಚ್ಚಿಟ್ಟುಕೊಳ್ಳಿ. ಆ ಪಂಪಿಗೆ ಬೇರೆ ಚೆಕ್ ವಾಲ್ವ್ ಬೇಕಾಗುತ್ತದೆ.

ಪಿವಿಸಿ ಅಂಟಿಸಲು ಪ್ರೈಮರ್, ಸಾಲ್ವೆಂಟ್ ಹಚ್ಚುವ ದಿನ ಬೇಸ್‌ಮೆಂಟ್ ಕಿಟಕಿ ಎಲ್ಲಾ ತೆಗೆದಿಡಿ. ಗ್ಯಾಸ್ ವಾಟರ್ ಹೀಟರ್, ಬಾಯ್ಲರ್ ಅಲ್ಲೇ ಇದ್ದರೆ ಆರಿಸಿಯೇ ಕೆಲಸ ಶುರು ಮಾಡಿ, ಆ ಆವಿಗೆ ಬೆಂಕಿ ಬೇಗ ಹತ್ತುತ್ತದೆ.